ಚೌತಿಯ ಬಣ್ಣಕ್ಕೆ ಮೊದಲು ಮಗು ಮಲಗುವ ಕೋಣೆಯ ಗೋಡೆ ಮುಟ್ಟಿ ನೋಡಿ

ಮಾನ್ಯ ಸಂಪಾದಕರೆ,

ಚೌತಿ ಹತ್ತಿರ ಬಂತು. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲೂ ಮನೆ ತೊಳೆದು ಗೋಡೆಗೆ ಬಣ್ಣ ಬಳಿಯುವ ಗಡಿಬಿಡಿ ಶುರುವಾಗಿದೆ. ಮಳೆಗಾಲಕ್ಕೆ ಕರಿ ಹಿಡಿದ ಗೋಡೆ ಗಣಪತಿ ಬರುವಷ್ಟರಲ್ಲಿ ಬೆಳ್ಳಗಾಗಲಿ ಎಂದು ಎಲ್ಲರಿಗೂ ಅನ್ನಿಸುತ್ತದೆ. ಆದರೆ ಬೂಷ್ಟು ಬಂದ ಗೋಡೆಗೆ, ಅದರಲ್ಲೂ ಮಕ್ಕಳು ಮಲಗುವ ಕೋಣೆಯ ಗೋಡೆಗೆ, ಹಸಿ ಆರದೆ ಬಣ್ಣ ಬಳಿಯಬೇಡಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಬಣ್ಣದ ಕೆಳಗೆ ಬೂಷ್ಟು ಸಾಯುವುದಿಲ್ಲ. ನೀರಿನಲ್ಲಿ ಕಲಸುವ ಬಣ್ಣಗಳಿಗೆ ಮಂದ ಬರಲೆಂದು ಹಾಕುವ ಸೆಲ್ಯುಲೋಸ್ ಪದಾರ್ಥ ಅದಕ್ಕೆ ಊಟವೇ ಆಗುತ್ತದೆ. ಒಳಗಿನ ತೇವ ಹೊರಬರಲು ದಾರಿ ಸಿಗದೆ ಬಣ್ಣ ಗುಳ್ಳೆ ಎದ್ದು ಸಿಪ್ಪೆ ಸುಲಿಯುತ್ತದೆ. ಆ ಸಿಪ್ಪೆ ಉದುರುವುದು ಮಗುವಿನ ಹಾಸಿಗೆಯ ಮೇಲೆ.

ಮೊದಲು ಗೋಡೆಗೆ ನೀರು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗಬೇಕು. ಬೂಷ್ಟಿನ ಬೀಜಕಗಳು ಗಾಳಿಯಲ್ಲಿ ಯಾವಾಗಲೂ ಇರುತ್ತವೆ, ಅವನ್ನು ಯಾರೂ ತಡೆಯಲಾರರು. ಅವು ಮೊಳೆಯುವುದು ತೇವ ಸಿಕ್ಕಾಗ ಮಾತ್ರ. ಹಾಗಾಗಿ ಕಲೆ ಎಲ್ಲಿದೆ ಎಂಬುದೇ ಕಾರಣವನ್ನು ಅರ್ಧ ಹೇಳಿಬಿಡುತ್ತದೆ. ನೆಲದಿಂದ ಮೂರ್ನಾಲ್ಕು ಅಡಿ ಎತ್ತರಕ್ಕೆ ಅಲೆಯಂಥ ಗೆರೆ ಕಟ್ಟಿ, ಅದರ ಕೆಳಗೆ ಮಾತ್ರ ಪ್ಲಾಸ್ಟರ್ ಪುಡಿಯಾಗುತ್ತಿದ್ದರೆ ನೆಲದ ನೀರು ಮೇಲೇರುತ್ತಿದೆ. ನಮ್ಮ ಚಿರೇಕಲ್ಲಿನ ಮೈತುಂಬ ರಂಧ್ರ. ಪಾಯದ ಮೇಲೆ ತಡೆ ಪದರ ಇಲ್ಲದಿದ್ದರೆ ಬತ್ತಿ ಎಣ್ಣೆ ಹೀರುವಂತೆ ಅದು ನೀರು ಹೀರುತ್ತದೆ. ಹೊರಗಡೆ ಗೋಡೆಗೆ ತಾಗಿ ಮಣ್ಣು ಏರಿಸಿದ್ದರೆ, ಹೂವಿನ ಪಾತಿ ಮಾಡಿದ್ದರೆ ಕೇಳುವುದೇ ಬೇಡ. ಕಲೆ ಸ್ಲ್ಯಾಬಿನ ಮೂಲೆಯಲ್ಲಿದ್ದರೆ ತಾರಸಿಗೆ ಹೋಗಿ ನೀರು ಇಳಿಯುವ ಕೊಳವೆಯ ಬಾಯಿ ನೋಡಿ. ಹಲವು ಬಾರಿ ಅಲ್ಲಿ ಮಾವಿನೆಲೆ, ತೆಂಗಿನ ಸಿಂಗಾರದ ಕಸ ಕಟ್ಟಿಕೊಂಡು ನೀರು ನಿಂತಿರುತ್ತದೆ. ಕಿಟಕಿಯ ಸುತ್ತ ಇದ್ದರೆ ಸಜ್ಜಾದ ಬುಡದ ಬಿರುಕು, ಇಲ್ಲವೇ ಸಜ್ಜಾದ ಅಡಿಯಲ್ಲಿ ನೀರು ತೊಟ್ಟಿಕ್ಕಲು ಬಿಡಬೇಕಾದ ಗೀರು ಇಲ್ಲದಿರುವುದು ಕಾರಣ. ಬಚ್ಚಲಮನೆಗೆ ಹೊಂದಿದ ಗೋಡೆಯಾದರೆ ಒಳಗಿನ ಪೈಪಿನ ಜೋಡಣೆ ಒಸರುತ್ತಿರಬಹುದು. ಅದು ಬೇಸಿಗೆಯಲ್ಲೂ ಒಣಗುವುದಿಲ್ಲ ಎಂಬುದೇ ಗುರುತು. ಇನ್ನು ಪಶ್ಚಿಮ, ನೈಋತ್ಯದ ಗೋಡೆಗಳು. ಅರಬ್ಬೀ ಸಮುದ್ರದ ಗಾಳಿಮಳೆ ನೇರವಾಗಿ ಬಡಿಯುವುದು ಅವಕ್ಕೇ. ಹಿಂದಿನವರು ಮಳೆ ಹಿಡಿಯುವ ಮೊದಲು ಆ ಕಡೆಗೆ ತೆಂಗಿನ ಮಡಲಿನ ಅಥವಾ ಅಡಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಸಿಮೆಂಟಿನ ಮನೆ ಬಂತೆಂದು ತಟ್ಟಿ ಹೋಯಿತು, ಮಳೆ ಹೋಗಲಿಲ್ಲ. ಅದೇ ಗೋಡೆಯ ಒಳಮೈಗೆ ಮಗುವಿನ ಮಂಚ ತಾಗಿಸಿಟ್ಟಿರುವ ಮನೆಗಳು ಎಷ್ಟೋ.

ನೀರು ಗೋಡೆಯೊಳಗಿನದೋ ಕೋಣೆಯ ಗಾಳಿಯದೋ ಎಂಬ ಅನುಮಾನ ಬಂದರೆ ಒಂದು ಸುಲಭ ಪರೀಕ್ಷೆ ಇದೆ. ಗೋಡೆಯ ಒಂದು ಜಾಗವನ್ನು ಬಟ್ಟೆಯಿಂದ ಒರೆಸಿ, ಒಂದು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆಗೆ, ಹನಿ ಕಟ್ಟಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಹೊರಮೈಯಲ್ಲಿ ತೇವ ಇದ್ದರೆ ಅದು ಕೋಣೆಯ ಗಾಳಿಯದು. ಮೊದಲನೆಯದಕ್ಕೆ ದುರಸ್ತಿ ಬೇಕು, ಎರಡನೆಯದಕ್ಕೆ ಕೋಣೆ ಬಳಸುವ ರೀತಿ ಬದಲಾಗಬೇಕು.

ಗೋಡೆಯ ಮೇಲಿನ ಎಲ್ಲ ಬಿಳಿಯೂ ಬೂಷ್ಟಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಕಡೆ ಹೊಳೆಬಾಯಿಯ ಮರಳಿನಲ್ಲಿ ಉಪ್ಪಿರುತ್ತದೆ. ಗೋಡೆ ಆರುವಾಗ ಅದು ಹತ್ತಿಯ ಎಳೆಯಂತೆ ಹೊರಗೆ ಅರಳುತ್ತದೆ. ಅದರ ಮೇಲೆ ಒಂದು ಹನಿ ನೀರು ಬಿಡಿ. ಉಪ್ಪಾದರೆ ಕರಗಿ ಮಾಯವಾಗುತ್ತದೆ, ಬೂಷ್ಟು ಕರಗುವುದಿಲ್ಲ. ಉಪ್ಪಿನಿಂದ ಮಗುವಿನ ಎದೆಗೆ ತೊಂದರೆಯಿಲ್ಲ, ಆದರೆ ಅದು ಗಾಳಿಯ ತೇವವನ್ನು ಎಳೆದುಕೊಂಡು ಗೋಡೆಯನ್ನು ಸದಾ ಹಸಿಯಾಗಿ ಇಡುತ್ತದೆ. ನೀರು ಹಾಕಿ ತೊಳೆದರೆ ಮತ್ತೆ ಒಳಗೇ ಇಳಿಯುತ್ತದೆ. ಗೋಡೆ ಒಣಗಿದ ಮೇಲೆ ಗಟ್ಟಿ ಬ್ರಷ್ಷಿನಲ್ಲಿ ಉಜ್ಜಿ ತೆಗೆಯಬೇಕು.

ಈಗ ತೊಳೆಯುವ ಕೆಲಸ. ಕಲೆ ಎಲ್ಲ ಸೇರಿ ಸುಮಾರು 10 ಚದರ ಅಡಿ, ಅಂದರೆ ಮೂರಡಿಗೆ ಮೂರಡಿ ಜಾಗದ ಒಳಗಿದ್ದರೆ ಮನೆಯವರೇ ಮಾಡಬಹುದು. ಅದಕ್ಕಿಂತ ಹೆಚ್ಚಿದ್ದರೆ, ಅಥವಾ ಪ್ಲಾಸ್ಟರ್ ಬೆರಳಿಗೆ ಉದುರುತ್ತಿದ್ದರೆ, ಕೆಲಸ ಗೊತ್ತಿದ್ದವರನ್ನು ಕರೆಯಿರಿ. ಉಬ್ಬಸ ಇರುವವರು, ಬಸುರಿಯರು, ವಯಸ್ಸಾದವರು ಕೈ ಹಾಕುವುದು ಬೇಡ. ಮಗು ಆ ಕೋಣೆಯಲ್ಲಷ್ಟೇ ಅಲ್ಲ, ಸಾಧ್ಯವಾದರೆ ಆ ಹೊತ್ತಿಗೆ ಮನೆಯಲ್ಲೇ ಇರಬಾರದು. ಶಾಲೆಗೆ ಹೋದ ಹೊತ್ತು ಒಳ್ಳೆಯದು. ಹಾಸಿಗೆ, ಪುಸ್ತಕ, ಆಟಿಕೆ ಹೊರಗಿಟ್ಟು, ಬಾಗಿಲು ಹಾಕಿ ಅದರ ಕೆಳಗಿನ ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿ ತೆರೆಯಿರಿ. ಸೀಲಿಂಗ್ ಫ್ಯಾನ್ ಮತ್ತು ಏಸಿ ಎರಡೂ ಬಂದ್ ಇರಲಿ. ಫ್ಯಾನ್ ಹಾಕಿಕೊಂಡು ಬೂಷ್ಟು ಉಜ್ಜುವುದೆಂದರೆ ಅದರ ಬೀಜಕಗಳನ್ನು ಇಡೀ ಮನೆಗೆ ಬಿತ್ತಿದಂತೆ. ಎನ್-95 ಮಾಸ್ಕ್, ಮೊಣಕೈ ಹತ್ತಿರದವರೆಗೆ ಬರುವ ರಬ್ಬರ್ ಗವಸು, ತೂತಿಲ್ಲದ ಕನ್ನಡಕ ಹಾಕಿಕೊಳ್ಳಿ. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಸಾಲದು, ಬೀಜಕಗಳು ಅದರ ಎಳೆಗಳ ನಡುವೆ ಸಲೀಸಾಗಿ ನುಸುಳುತ್ತವೆ.

ಒಣಗಿದ ಬೂಷ್ಟನ್ನು ಪೊರಕೆಯಿಂದ ಗುಡಿಸುವುದು, ಚಮಚದಿಂದ ಕೆರೆಯುವುದು ಎಲ್ಲರೂ ಮಾಡುವ ತಪ್ಪು. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 15 ಮಿ.ಲೀ., ಅಂದರೆ ಒಂದು ದೊಡ್ಡ ಚಮಚ, ಪಾತ್ರೆ ತೊಳೆಯುವ ದ್ರವ ಬೆರೆಸಿ. ಅದನ್ನು ಸ್ಪ್ರೇ ಬಾಟಲಿಯಿಂದ ಮಂಜಿನ ಹಾಗೆ ಸಿಂಪಡಿಸಿ ಕಲೆ ತೋಯುವವರೆಗೆ ಕಾಯಿರಿ. ಆಮೇಲೆ ಹಳೆ ಪಂಚೆಯ ತುಂಡಿನಿಂದ ಕಲೆಯ ಅಂಚಿನಿಂದ ನಡುವಿಗೆ ಒರೆಸಿ. ನಡುವಿನಿಂದ ಅಂಚಿಗೆ ಒರೆಸಿದರೆ ಕಲೆ ಹರಡುತ್ತದೆ. ಪ್ರತಿ ಸಲ ಬಟ್ಟೆಯ ಹೊಸ ಮಡಿಕೆ ತಿರುಗಿಸಿಕೊಳ್ಳಿ, ಹೊಲಸಾದ ಬಟ್ಟೆಯನ್ನು ಮತ್ತೆ ಸಾಬೂನು ನೀರಿಗೆ ಅದ್ದಬೇಡಿ. ಬೇರೆ ಬಕೆಟಿನ ಬರಿ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒಮ್ಮೆ, ಒಣ ಬಟ್ಟೆಯಿಂದ ಒಮ್ಮೆ ಒರೆಸಿ. ಬಳಸಿದ ಬಟ್ಟೆಗಳನ್ನೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಹೊರಗೆ ಹಾಕಿ. ನೆಲ, ಕಿಟಕಿಯ ಚೌಕಟ್ಟು, ಫ್ಯಾನಿನ ರೆಕ್ಕೆ ಒದ್ದೆ ಬಟ್ಟೆಯಲ್ಲಿ ಒರೆಸಿದ ನಂತರವೇ ಫ್ಯಾನ್ ಹಾಕಬೇಕು. ಟೇಬಲ್ ಫ್ಯಾನ್ ಇದ್ದರೆ ಒರೆಸಿದ ಗೋಡೆಗೇ ತಿರುಗಿಸಿ ಒಂದೆರಡು ದಿನ ಓಡಿಸಿ. ಮೂರು ದಿನ ಬಿಟ್ಟು ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದು ನೋಡಿ. ನೇರ ಬೆಳಕಿಗೆ ಕಾಣದ ತೆಳು ಪೊರೆ ಆಗ ಕಾಣುತ್ತದೆ. ಇದ್ದರೆ ಇನ್ನೊಮ್ಮೆ ಒರೆಸಬೇಕು.

ಇಷ್ಟಕ್ಕೇ ಸಾಕೇ, ಬ್ಲೀಚ್ ಬೇಡವೇ ಎಂದು ಕೇಳುವವರಿದ್ದಾರೆ. ಬೂಷ್ಟನ್ನು ಕೊಂದರೆ ಸಾಲದು, ತೆಗೆಯಬೇಕು. ಸತ್ತ ಬೂಷ್ಟೂ ಅಲರ್ಜಿ ಮಾಡುತ್ತದೆ. ಪ್ಲಾಸ್ಟರ್ ಗೋಡೆಯ ಮೇಲೆ ಬ್ಲೀಚ್ ಹಚ್ಚಿದರೆ ಕಲೆಯ ಬಣ್ಣ ಹೋಗಿ ಬಿಳಿ ಕಾಣುತ್ತದೆ, ಅದರಲ್ಲಿನ ಕ್ಲೋರಿನ್ ಮೇಲ್ಮೈಯಲ್ಲೇ ಮುಗಿದು ನೀರು ಮಾತ್ರ ಒಳಗಿಳಿಯುತ್ತದೆ. ಟೈಲ್ಸ್, ಕಿಟಕಿ ಗ್ರಿಲ್, ಗಾಜಿನಂಥ ನೀರು ಕುಡಿಯದ ಜಾಗಕ್ಕೆ, ಸಾಬೂನಿನಿಂದ ತೊಳೆದ ಮೇಲೂ ಕಲೆ ಉಳಿದರೆ, ಒಂದು ಲೀಟರ್ ನೀರಿಗೆ 60 ಮಿ.ಲೀ. ಮೀರದಂತೆ ದ್ರವ ಬ್ಲೀಚ್ ಬೆರೆಸಿ ಬಳಸಬಹುದು. ಕಿಟಕಿ ತೆರೆದಿರಲಿ. ಬಚ್ಚಲು ತೊಳೆಯುವ ಆ್ಯಸಿಡ್ ಅಥವಾ ವಿನೆಗರ್ ಇದಕ್ಕೆ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯಾ ಇರುವ ಕ್ಲೀನರ್ ಸೇರಿದರೂ ವಿಷದ ಹೊಗೆಯೇ. ಎರಡು ಬಾಟಲಿಯ ಪದಾರ್ಥ ಬೆರೆಸುವುದು ಯಾವ ಕಾರಣಕ್ಕೂ ಬೇಡ. ಅಂಗಳದ ಹಾವಸೆಗೆ ಹಾಕುವ ಬ್ಲೀಚಿಂಗ್ ಪೌಡರನ್ನು ಮಲಗುವ ಕೋಣೆಗೆ ತರಬೇಡಿ. ಅದು ಗೋಡೆಯಲ್ಲಿ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಉಳಿಸಿ ಹೋಗುತ್ತದೆ.

ಘಟ್ಟದ ಮೇಲಿನ ತೋಟದ ಮನೆಯವರಿಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು. ಅಡಕೆಯ ಕೊಳೆರೋಗಕ್ಕೆ ಹೊಡೆದು ಉಳಿದ ಬೋರ್ಡೋ ದ್ರಾವಣವನ್ನು ಮನೆಯ ಗೋಡೆಗೆ ಹೊಡೆಯುವ ಯೋಚನೆ ಯಾರಿಗೂ ಬಾರದಿರಲಿ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು ಇರುವ ಆ ದ್ರಾವಣ ಮಳೆಯಲ್ಲಿ ತೋಯುವ ಗೊನೆಗಾಗಿ ಮಾಡಿದ್ದು. ಗೋಡೆಯ ಮೇಲೆ ಅದು ಒಣಗಿ ಪುಡಿಯಾಗಿ ಉಳಿಯುತ್ತದೆ. ಗೋಡೆ ಹಿಡಿದು ನಡೆಯುವ ಮಗು ಆ ಕೈಯನ್ನು ಬಾಯಿಗೆ ಹಾಕುತ್ತದೆ. ನ್ಯಾಫ್ತಲೀನಿನ ನುಸಿ ಗುಳಿಗೆಯೂ ಅಷ್ಟೆ. ಅದು ನುಸಿಗೆ ಮದ್ದು, ಬೂಷ್ಟಿಗಲ್ಲ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಶಿಶುಗಳಲ್ಲಿ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಕೋಣೆ ಒಣಗಲೆಂದು ಬಾಗಿಲು ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಡುವುದಂತೂ ಪ್ರಾಣಕ್ಕೇ ಅಪಾಯ. ಕೆಂಡದಿಂದ ಏಳುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ಹಾಸಿಗೆಯ ವಿಷಯದಲ್ಲಿ ಜನ ಕಷ್ಟಪಡುತ್ತಾರೆ, ಅದು ಅರ್ಥವಾಗುತ್ತದೆ; ಹತ್ತಿಯ ಹಾಸಿಗೆಗೆ ದುಡ್ಡು ಕೊಟ್ಟಿರುತ್ತೇವೆ. ಆದರೆ ಹತ್ತಿ, ನಾರು, ಸ್ಪಂಜಿನ ಒಳಗೆ ಹೊಕ್ಕ ಬೂಷ್ಟನ್ನು ಹೊರತೆಗೆಯುವ ದಾರಿಯಿಲ್ಲ. ಮೇಲಿನ ಹೊದಿಕೆಗೆ ಮಾತ್ರ ಹತ್ತಿದ್ದರೆ ಒಗೆದು ಉಳಿಸಿಕೊಳ್ಳಿ. ಹಾಸಿಗೆಯ ಮೈಗೇ ಕಪ್ಪು ಚುಕ್ಕಿ ಬಂದು ಮುಗ್ಗಲು ವಾಸನೆ ಹೊಡೆಯುತ್ತಿದ್ದರೆ ಮಗುವಿಗೆ ಅದು ಬೇಡ. ಖರ್ಚು ಮಾಡಲು ಒಂದೇ ಕಡೆ ದುಡ್ಡಿದ್ದರೆ ಬಣ್ಣದ ಡಬ್ಬಿಗಿಂತ ಹಾಸಿಗೆಗೆ ಹಾಕಿ ಎಂದೇ ನನ್ನ ಸಲಹೆ. ಬಟ್ಟೆಯ ಗೊಂಬೆಗಳನ್ನು 60 ಡಿಗ್ರಿಯ ಬಿಸಿನೀರಿನಲ್ಲಿ ಒಗೆದರೆ ಧೂಳಿನ ನುಸಿಯೂ ಸಾಯುತ್ತದೆ, ಆದರೆ ಒಳಗಿನ ಹತ್ತಿಯವರೆಗೆ ಒಣಗಬೇಕು. ಪುಷ್ಯ, ಆಶ್ಲೇಷ ಮಳೆಯಲ್ಲಿ ಅದು ಒಣಗುವುದಿಲ್ಲ. ಅಲ್ಲಿಯವರೆಗೆ ಒಗೆಯದೆ ಚೀಲದಲ್ಲಿ ಕಟ್ಟಿಟ್ಟು ಬಿಸಿಲಿಗೆ ಕಾಯುವುದು ವಾಸಿ. 2019 ಮತ್ತು 2021ರ ನೆರೆಯಲ್ಲಿ ಗಂಗಾವಳಿ, ಕಾಳಿ ದಂಡೆಯ ಮನೆಗಳಿಗೆ ನೀರು ನುಗ್ಗಿದ್ದು ನೆನಪಿರಬಹುದು. ಹಾಗೆ ನೀರು ಹೊಕ್ಕ ಮನೆಯಲ್ಲಿ ತೋಯ್ದ ವಸ್ತು 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಬೂಷ್ಟು ಬಂತೆಂದೇ ತಿಳಿಯಬೇಕು.

ಇನ್ನು ಗಾಳಿಯ ತೇವ. ಮಳೆಗಾಲದಲ್ಲಿ ಹೊರಗಿನ ಗಾಳಿ 27 ಡಿಗ್ರಿಯಲ್ಲಿ ಶೇ 88ರಷ್ಟು ತೇವ ಹೊತ್ತಿದೆ ಎಂದಿಟ್ಟುಕೊಳ್ಳಿ. ಆಗ ಹತ್ತಡಿ ಉದ್ದಗಲ ಎತ್ತರದ ಕೋಣೆಯ ಗಾಳಿಯಲ್ಲೇ ಅರ್ಧ ಲೀಟರಿಗೂ ಹೆಚ್ಚು ನೀರು ಆವಿಯಾಗಿ ಇರುತ್ತದೆ, ಮತ್ತು 25 ಡಿಗ್ರಿಗಿಂತ ತಣ್ಣಗಿರುವ ಯಾವ ಮೈಗೆ ತಾಗಿದರೂ ಅದು ಹನಿಗಟ್ಟುತ್ತದೆ. ಮಗುವಿಗೆ ಸೆಕೆಯೆಂದು ಏಸಿಯನ್ನು 20ಕ್ಕೆ ಇಟ್ಟ ಕೋಣೆಗಳಲ್ಲಿ ಬೂಷ್ಟು ಜಾಸ್ತಿ ಕಾಣುವುದು ಇದಕ್ಕೇ. ತಣ್ಣಗಾದ ಗೋಡೆಗೆ, ಬಾಗಿಲು ತೆರೆದಾಗಲೆಲ್ಲ ಅಡುಗೆಮನೆಯ ಹಬೆ ಬಂದು ಕೂರುತ್ತದೆ. 26–27ಕ್ಕೆ ಇಡಿ, ಡ್ರೈ ಎಂಬ ಗುಂಡಿ ಇದ್ದರೆ ಅದನ್ನು ಬಳಸಿ, ಏಸಿಯ ಜಾಳಿಗೆಯನ್ನು ಎರಡು ವಾರಕ್ಕೊಮ್ಮೆ ತೊಳೆಯಿರಿ.

ಏಸಿ ಇಲ್ಲದ ಮನೆಗಳೇ ಹೆಚ್ಚು. ಅಲ್ಲಿ ಮಾಡಬಹುದಾದ ದೊಡ್ಡ ಕೆಲಸ, ಮಗು ಮಲಗುವ ಕೋಣೆಯಲ್ಲಿ ಒದ್ದೆ ಬಟ್ಟೆ ಹರಗದಿರುವುದು. ಮಷಿನ್ನಿನಲ್ಲಿ ಹಿಂಡಿದ ಒಂದು ಸಲದ ಬಟ್ಟೆಯಿಂದಲೂ ಸುಮಾರು ಎರಡು ಲೀಟರ್ ನೀರು ಗಾಳಿಗೆ ಸೇರುತ್ತದೆ. ಜಾಗವಿಲ್ಲ ಎನ್ನುವ ಕಷ್ಟ ನಿಜ; ಆದರೂ ಹಗ್ಗವನ್ನು ಜಗಲಿಗೋ ಬಚ್ಚಲ ಒಲೆಯ ಹತ್ತಿರಕ್ಕೋ ಸಾಗಿಸಿ. ಒದ್ದೆ ರೇನ್‌ಕೋಟು, ಶೂ, ಶಾಲೆಯ ಚೀಲ ಬಾಗಿಲ ಹೊರಗೇ ನಿಲ್ಲಲಿ. ಕಪಾಟು, ಮಂಚ ಹೊರಗೋಡೆಯಿಂದ ನಾಲ್ಕು ಇಂಚು ದೂರ ಇರಲಿ, ಕೋಣೆಯ ಒಳಗೋಡೆಗೆ ಬದಲಿಸಲಾದರೆ ಇನ್ನೂ ಒಳ್ಳೆಯದು. ಕಪಾಟಿನ ಹಿಂದೆ ಗಾಳಿಯಾಡದ ಗೋಡೆ ತಣ್ಣಗಿರುತ್ತದೆ, ಅಲ್ಲಿಂದಲೇ ಬೂಷ್ಟು ಪ್ಲೈವುಡ್ಡಿಗೆ ದಾಟಿ ಒಳಗಿನ ಯೂನಿಫಾರಮ್ಮಿಗೆ ಹತ್ತುತ್ತದೆ. ಕಪಾಟಿನೊಳಗೆ ಬಲ್ಬು ಉರಿಸುವ ಹಳೆ ಉಪಾಯ ಎಲ್‌ಇಡಿಯಲ್ಲಿ ನಡೆಯುವುದಿಲ್ಲ, ಅದಕ್ಕೆ ಕಾವಿಲ್ಲ. ತಂತಿಯ ಬಲ್ಬಾದರೆ ಬಟ್ಟೆಗೆ ಬೆಂಕಿ ಹತ್ತುವ ಭಯ. ತೇವಾಂಶ ತೋರಿಸುವ ಪುಟ್ಟ ಡಿಜಿಟಲ್ ಮಾಪಕ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕೋಣೆಯಲ್ಲಿ ಶೇ 60ರ ಕೆಳಗೆ ಇರಬೇಕು. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಂತ್ರವಿಲ್ಲದೆ ಅದು ಆಗದು. ಕಿಟಕಿ ತೆರೆದರೆ ಒಳಗಿನ ಹಬೆ ಹೋಗುತ್ತದೆಯೇ ಹೊರತು ಹೊರಗಿನ ತೇವ ಕಡಿಮೆಯಾಗುವುದಿಲ್ಲ. ಉಬ್ಬಸದ ಮಗು ಇರುವ ಮನೆಯವರು ಕೊಳ್ಳಲು ಆಗುವುದಾದರೆ ದಿನಕ್ಕೆ 10–12 ಲೀಟರ್ ನೀರು ಎಳೆಯುವ ಡಿಹ್ಯುಮಿಡಿಫೈಯರ್ ತಂದು, ಬಾಗಿಲು ಕಿಟಕಿ ಮುಚ್ಚಿ ಓಡಿಸಿ. ಕಿಟಕಿ ತೆರೆದಿಟ್ಟರೆ ಅದು ಸಮುದ್ರವನ್ನೇ ಒಣಗಿಸಲು ಹೊರಟಂತೆ. ತೇವ ಹೀರುವ ಡಬ್ಬಿಗಳು ಕಪಾಟಿನ ಮಟ್ಟಿಗೆ ಸರಿ. ಅದರಲ್ಲಿ ಸೇರುವ ದ್ರವ ಚರ್ಮ, ಕಣ್ಣನ್ನು ಉರಿಸುತ್ತದೆ, ಮಗುವಿನ ಕೈಗೆ ಸಿಗಬಾರದು.

ಬಣ್ಣ ಯಾವಾಗ ಎಂದರೆ, ನೀರಿನ ದಾರಿ ಮುಚ್ಚಿ, ಗೋಡೆ ಒಣಗಿದ ಮೇಲೆ. ಒಂದು ಇಂಚು ದಪ್ಪ ಒಣಗಲು ಸುಮಾರು ಒಂದು ತಿಂಗಳು ಎಂಬ ಲೆಕ್ಕ ಕಟ್ಟಡ ಕೆಲಸದಲ್ಲಿದೆ. ಅಂದರೆ ಚೌತಿ ಬಿಡಿ, ದೀಪಾವಳಿಗೂ ಅವಸರವೇ. ಜನವರಿ, ಫೆಬ್ರುವರಿಯ ಒಣಹವೆಯಲ್ಲಿ ಮತ್ತೆ ಆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಎರಡು ದಿನಕ್ಕೆ ಹನಿ ಕಟ್ಟದಿದ್ದರೆ ಕೆಲಸ ಶುರು ಮಾಡಿ. ಈ ಚೌತಿಗೆ ಗಣಪತಿ ಕೂರಿಸುವ ಜಗಲಿಗೆ ಮಾತ್ರ, ಅದೂ ಗೋಡೆ ಒಣಗಿದ್ದರೆ, ಬಣ್ಣ ಬಳಿದು ಮಲಗುವ ಕೋಣೆಯನ್ನು ಒರೆಸಿ ಹಾಗೇ ಬಿಡಬಹುದು.

ನನ್ನ ಒಲವು ಸುಣ್ಣದ ಕಡೆಗೆ. ಅಘನಾಶಿನಿ ಅಳಿವೆಯ ಚಿಪ್ಪಿಯನ್ನು ಸುಟ್ಟು ಸುಣ್ಣ ಮಾಡುವ ನಾಡು ನಮ್ಮದು. ಹೊಸ ಸುಣ್ಣದ ಕ್ಷಾರಕ್ಕೆ ಬೂಷ್ಟು ತಾಳುವುದಿಲ್ಲ, ಗೋಡೆಯ ಹಸಿಗೆ ಹೊರಹೋಗಲು ಅದು ದಾರಿ ಬಿಡುತ್ತದೆ. ಗಾಳಿಗೆ ಆ ಕ್ಷಾರ ಕ್ರಮೇಣ ಇಳಿಯುತ್ತದೆ, ಹಾಗಾಗಿಯೇ ವರ್ಷಕ್ಕೊಮ್ಮೆ ಬಳಿಯುವ ರೂಢಿ. ಹಾಲಿನಷ್ಟು ತೆಳ್ಳಗೆ ಕದಡಿ, ಸೋಸಿ, ಗೋಡೆಗೆ ಸ್ವಲ್ಪ ನೀರು ಚಿಮುಕಿಸಿ ಮೂರು ಕೈ ಬಳಿಯಬೇಕು. ಅಂಟು ಬರಲೆಂದು ಗಂಜಿ ಬೆರೆಸಬೇಡಿ, ಬೂಷ್ಟಿಗೆ ಅದು ಮುಂದೆ ಆಹಾರವಾಗುತ್ತದೆ. ಸುಣ್ಣ ಅರಳಿಸುವಾಗ ಮಕ್ಕಳು ದೂರ ಇರಲಿ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಹಳೆ ಎಮಲ್ಷನ್ ಮೇಲೆ ಸುಣ್ಣ ಹಿಡಿಯುವುದಿಲ್ಲ, ಕೆರೆದು ತೆಗೆಯಬೇಕು. ಅಲ್ಲಿ ಇನ್ನೊಂದು ಎಚ್ಚರ: ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಬಣ್ಣವನ್ನು, ಮುಖ್ಯವಾಗಿ ಕಿಟಕಿ ಬಾಗಿಲಿನ ಎನಾಮೆಲ್ಲನ್ನು, ಒಣ ಮರಳುಕಾಗದದಲ್ಲಿ ಉಜ್ಜಿದರೆ ಸೀಸದ ಧೂಳು ಕೋಣೆ ತುಂಬುತ್ತದೆ. ನೀರು ಸಿಂಪಡಿಸಿಯೇ ಕೆರೆಯಬೇಕು.

ಮಗುವಿನ ವಿಷಯಕ್ಕೆ ಬರುತ್ತೇನೆ. ರಾತ್ರಿ ಕೆಮ್ಮು, ಬೆಳಿಗ್ಗೆ ಎದ್ದ ಕೂಡಲೇ ಸಾಲು ಸೀನು, ಕಣ್ಣು ತುರಿಕೆ, ಎದೆಯಲ್ಲಿ ಸುಯ್ ಎಂಬ ಸದ್ದು ಇದ್ದು, ಅಜ್ಜಿಮನೆಗೆ ಹೋಗಿ ನಾಲ್ಕು ದಿನ ಇದ್ದಾಗ ಅದು ಕಡಿಮೆಯಾದರೆ, 'ಈ ಮಗುವಿನದು ಥಂಡಿ ಪ್ರಕೃತಿ' ಎಂದು ಬಿಟ್ಟುಬಿಡಬೇಡಿ. ಗೋಡೆಯ ಫೋಟೊ ಮೊಬೈಲಿನಲ್ಲಿ ತೆಗೆದು ಮಕ್ಕಳ ವೈದ್ಯರಿಗೆ ತೋರಿಸಿ. ಬೂಷ್ಟಿನ ಬಣ್ಣ ಕಪ್ಪೋ ಹಸಿರೋ ಎಂಬುದು ಮುಖ್ಯವಲ್ಲ, ಯಾವ ಜಾತಿಯೆಂದು ಪರೀಕ್ಷೆಗೆ ದುಡ್ಡು ಹಾಕಬೇಕಿಲ್ಲ, ಯಾವುದಾದರೂ ತೆಗೆಯಲೇಬೇಕು. 2021ರಲ್ಲಿ ಕೋವಿಡ್ ಜತೆ ಭಯ ಹುಟ್ಟಿಸಿದ ಕಪ್ಪು ಶಿಲೀಂಧ್ರದ ಕಾಯಿಲೆಗೂ ಗೋಡೆಯ ಈ ಕಪ್ಪು ಕಲೆಗೂ ತಳಕು ಹಾಕಿ ಹೆದರುವುದು ಬೇಡ. ಆದರೆ ರಕ್ತದ ಕ್ಯಾನ್ಸರಿನಂಥ ಕಾಯಿಲೆಗೆ ಚಿಕಿತ್ಸೆಯಲ್ಲಿದ್ದು ರೋಗನಿರೋಧಕ ಶಕ್ತಿ ಕುಂದಿದ ಮಗುವನ್ನು ಬೂಷ್ಟಿನ ಕೋಣೆಯಲ್ಲಿ ಒಂದು ರಾತ್ರಿಯೂ ಮಲಗಿಸಬಾರದು. ಒಳಾಂಗಣದ ತೇವ ಮತ್ತು ಬೂಷ್ಟಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೊರತಂದ ಮಾರ್ಗಸೂಚಿ, ಇಷ್ಟಿದ್ದರೆ ಪರವಾಗಿಲ್ಲ ಎನ್ನುವಂಥ ಮಿತಿಯನ್ನೇ ಹೇಳಲಿಲ್ಲ. ಬಾರದಂತೆ ತಡೆಯಿರಿ ಎಂದಿತು. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 2020ರ ಡಿಸೆಂಬರ್‌ನಲ್ಲಿ ಎರಡು ವರ್ಷದ ಗಂಡುಮಗು ಬಾಡಿಗೆ ಮನೆಯ ಬೂಷ್ಟಿನಿಂದ ಉಸಿರಾಟ ಕೆಟ್ಟು ತೀರಿಕೊಂಡಿತು. ದೂರು ಕೊಟ್ಟಾಗ ಬಣ್ಣ ಬಳಿದುಕೊಳ್ಳಿ ಎಂದಿದ್ದರಂತೆ ಮನೆ ಬಾಡಿಗೆಗೆ ಕೊಟ್ಟವರು, ಆ ಮಗುವಿನ ತಂದೆಗೆ. ಅಲ್ಲಿ ಆಮೇಲೆ, ಸಾಮಾಜಿಕ ವಸತಿಯ, ಅಂದರೆ ಕಡಿಮೆ ಬಾಡಿಗೆಗೆ ಕೊಡುವ ಮನೆಗಳ, ಮಾಲೀಕರು ಗಡುವಿನೊಳಗೆ ಬೂಷ್ಟು ಸರಿಪಡಿಸಬೇಕೆಂಬ ಕಾನೂನೇ ಬಂತು.

ನಮ್ಮಲ್ಲಿ ಅಂಥ ಕಾನೂನಿಗೆ ಕಾಯುತ್ತ ಕೂರಬೇಕಿಲ್ಲ. ಬಾಡಿಗೆಗೆ ಕೊಟ್ಟವರು ತಾರಸಿಯ ಬಿರುಕು, ಪೈಪಿನ ಒಸರನ್ನು ಬಾಡಿಗೆದಾರರ ತಲೆಗೆ ಕಟ್ಟದೆ ತಾವೇ ರಿಪೇರಿ ಮಾಡಿಸಲಿ. ವಸತಿ ಯೋಜನೆಯ ಮನೆಗಳಿಗೆ ಬಿಲ್ಲು ಮಂಜೂರು ಮಾಡುವ ಮೊದಲು ಗ್ರಾಮ ಪಂಚಾಯಿತಿಯವರು ಮೂರು ಸಂಗತಿ ನೋಡಲಿ: ಪಾಯದ ಮೇಲೆ 40 ಮಿ.ಮೀ. ದಪ್ಪದ, ನೀರು ತಡೆಯುವ ಕಾಂಕ್ರೀಟ್ ಪದರ ಇದೆಯೇ, ಪಶ್ಚಿಮದ ಕಿಟಕಿಗಳಿಗೆ ಎರಡಡಿ ಸಜ್ಜಾ ಇದೆಯೇ, ತಾರಸಿಯ ನೀರು ಗೋಡೆಗೆ ಬಡಿಯದೆ ಇಳಿಯುತ್ತದೆಯೇ. ಮಕ್ಕಳು ಸಾಲಾಗಿ ಮಲಗುವ ವಿದ್ಯಾರ್ಥಿನಿಲಯಗಳು ಮತ್ತು ಅಂಗನವಾಡಿಗಳ ಗೋಡೆಗಳನ್ನು ಮಳೆ ನಿಂತ ಮೇಲಲ್ಲ, ಮಳೆಯಿರುವಾಗಲೇ ಬಂದು ನೋಡಬೇಕು. ಜನವರಿಯಲ್ಲಿ ಬಂದರೆ ಗೋಡೆ ಒಣಗಿರುತ್ತದೆ, ಕಲೆ ಬಣ್ಣದ ಕೆಳಗೆ ಹೋಗಿರುತ್ತದೆ.

— ಕಟ್ಟಡ ದುರಸ್ತಿ ಕ್ಷೇತ್ರದ ಒಬ್ಬ ಎಂಜಿನಿಯರ್, ಕುಮಟಾ